ಸಿವಿಟಿ ಕಾರನ್ನು ಜೋರಾಗಿ ಓಡಿಸಿದರೆ ಗೇರ್‌ಬಾಕ್ಸ್ ಹಾಳಾಗುತ್ತದೆಯೇ?

"ಸಿವಿಟಿ ಕಾರು ತಗೋಬೇಡಿ, ಸ್ವಲ್ಪ ಜೋರಾಗಿ ಓಡಿಸಿದರೂ ಬೆಲ್ಟ್ ಕಿತ್ತುಹೋಗುತ್ತೆ" ಎನ್ನುವವರು ಒಂದು ಕಡೆ. "ಆಟೊಮ್ಯಾಟಿಕ್ ಅಲ್ವಾ, ಹೇಗೆ ಬೇಕಾದರೂ ಓಡಿಸಬಹುದು" ಎನ್ನುವವರು ಇನ್ನೊಂದು ಕಡೆ. ಎರಡೂ ಪೂರ್ತಿ ನಿಜವಲ್ಲ. ಅಪರೂಪಕ್ಕೊಮ್ಮೆ ಓವರ್‌ಟೇಕ್ ಮಾಡಲು ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಸಿವಿಟಿಗೆ ಏನೂ ಆಗುವುದಿಲ್ಲ. ಆದರೆ ದಿನವೂ ಒರಟಾಗಿ ಓಡಿಸಿದರೆ ಅದರ ಆಯಸ್ಸು ಖಂಡಿತ ಕಡಿಮೆಯಾಗುತ್ತದೆ. ಏಕೆ ಎಂದು ನೋಡೋಣ.

ಒಳಗೆ ಏನಿದೆ?

ಸಾಮಾನ್ಯ ಗೇರ್‌ಬಾಕ್ಸ್‌ನಲ್ಲಿ ಐದೋ ಆರೋ ಗೇರ್‌ಗಳಿರುತ್ತವೆ. ಸಿವಿಟಿಯಲ್ಲಿ ಅವುಗಳ ಜಾಗದಲ್ಲಿ ಎರಡು ಪುಲ್ಲಿಗಳು ಮತ್ತು ಅವನ್ನು ಸುತ್ತುವ ಒಂದು ಬೆಲ್ಟ್ ಇರುತ್ತದೆ. ಪುಲ್ಲಿಯ ಎರಡು ಬದಿಗಳು ಹತ್ತಿರ ಬಂದಾಗ ಬೆಲ್ಟ್ ಮೇಲಕ್ಕೇರುತ್ತದೆ, ದೂರ ಸರಿದಾಗ ಕೆಳಗಿಳಿಯುತ್ತದೆ. ಹೀಗೆ ಗೇರ್ ಅನುಪಾತ ಜರ್ಕ್ ಇಲ್ಲದೆ ಬದಲಾಗುತ್ತಾ ಹೋಗುತ್ತದೆ.

ನಿಮ್ಮ ಮನೆಯ ಆಕ್ಟಿವಾದಲ್ಲಿ ಇರುವುದೂ ಇದೇ ತತ್ವ. ಆದರೆ ಸ್ಕೂಟರಿನದು ರಬ್ಬರ್ ಬೆಲ್ಟ್. ಇಂದಿನ ಕಾರುಗಳಲ್ಲಿ ನೂರಾರು ತೆಳು ಉಕ್ಕಿನ ತುಣುಕುಗಳನ್ನು ಜೋಡಿಸಿದ ಬೆಲ್ಟ್ ಇರುತ್ತದೆ, ಕೆಲವು ಕಾರುಗಳಲ್ಲಿ ಉಕ್ಕಿನ ಚೈನ್. ಅದು ಎಣ್ಣೆಯಲ್ಲಿ ನೆನೆದೇ ಕೆಲಸ ಮಾಡುತ್ತದೆ. 1958ರಲ್ಲಿ ನೆದರ್‌ಲೆಂಡ್ಸ್‌ನ ಡಾಫ್ ಕಂಪನಿ ತನ್ನ ಡಾಫ್ 600 ಕಾರಿನಲ್ಲಿ ರಬ್ಬರ್ ಬೆಲ್ಟಿನ ಸಿವಿಟಿಯನ್ನು ತೋರಿಸಿತು. ಉಕ್ಕಿನ ಬೆಲ್ಟ್ 1987ರಲ್ಲಿ ಸುಬಾರು ಜಸ್ಟಿ ಕಾರಿನೊಂದಿಗೆ ಮಾರುಕಟ್ಟೆಗೆ ಬಂತು.

ಸಿವಿಟಿ ಶಕ್ತಿಯನ್ನೇ ತಡೆಯಲಾರದು ಎಂಬುದೂ ತಪ್ಪು. 1993ರಲ್ಲಿ ವಿಲಿಯಮ್ಸ್ ತಂಡ ತನ್ನ ಫಾರ್ಮುಲಾ ಒನ್ ಕಾರಿನಲ್ಲೇ ಸಿವಿಟಿಯನ್ನು ಪರೀಕ್ಷಿಸಿತ್ತು. ಆದರೆ ರೇಸ್‌ಗೆ ಇಳಿಯುವ ಮೊದಲೇ ನಿಯಮಗಳು ಅದನ್ನು ನಿಷೇಧಿಸಿದವು.

ಎಂಜಿನ್ ಕೂಗಿದರೆ ಬೆಲ್ಟ್ ಜಾರುತ್ತಿದೆ ಎಂದರ್ಥವೇ?

ಇಲ್ಲ. ಆಕ್ಸಿಲರೇಟರ್ ಒತ್ತಿದ ಕೂಡಲೇ ಆರ್‌ಪಿಎಂ ಮೇಲೇರಿ ಅಲ್ಲೇ ನಿಲ್ಲುತ್ತದೆ, ವೇಗ ಆಮೇಲೆ ಏರುತ್ತದೆ. ಎಂಜಿನ್ನಿಗೆ ಹೆಚ್ಚು ಶಕ್ತಿ ಕೊಡುವ ಆರ್‌ಪಿಎಂ ಅನ್ನು ಕಂಪ್ಯೂಟರ್ ಹಿಡಿದಿಡುವುದರಿಂದ ಹೀಗಾಗುತ್ತದೆ. ಇದು ಸಿವಿಟಿಯ ಸಹಜ ಗುಣ. ಆದರೆ ಆರ್‌ಪಿಎಂ ಏರಿದರೂ ವೇಗ ಏರುತ್ತಲೇ ಇಲ್ಲವೆಂದರೆ, ಅದು ಬೇರೆ ವಿಷಯ.

ನಿಜವಾದ ಶತ್ರುಗಳು: ಬಿಸಿ ಮತ್ತು ಜಾರುವಿಕೆ

ಗೇರ್‌ಗಳು ಹಲ್ಲಿಗೆ ಹಲ್ಲು ಕಚ್ಚಿಕೊಂಡು ತಿರುಗುತ್ತವೆ. ಸಿವಿಟಿಯ ಬೆಲ್ಟಿಗೆ ಹಲ್ಲಿಲ್ಲ. ಪುಲ್ಲಿ ಅದನ್ನು ಬಿಗಿಯಾಗಿ ಅಮುಕಿ ಹಿಡಿಯುವುದರಿಂದ ಮಾತ್ರ ಶಕ್ತಿ ದಾಟುತ್ತದೆ. ಆ ಹಿಡಿತ ಕೊಡುವುದು ಎಣ್ಣೆಯ ಒತ್ತಡ.

ಮತ್ತೆ ಮತ್ತೆ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಹಿಡಿತಕ್ಕೆ ಹೆಚ್ಚು ಒತ್ತಡ ಬೇಕು, ಹಾಗಾಗಿ ಎಣ್ಣೆ ಹೆಚ್ಚು ಬಿಸಿಯಾಗುತ್ತದೆ. ಬಿಸಿಯಾದ ಎಣ್ಣೆ ಬೇಗ ಹಳಸುತ್ತದೆ, ಅದರ ಘರ್ಷಣೆಯ ಗುಣ ಕುಗ್ಗುತ್ತದೆ. ಆಗ ಬೆಲ್ಟ್ ಜಾರಿ ಪುಲ್ಲಿಯ ಮೇಲೆ ಗೀರು ಬೀಳುತ್ತದೆ. ಸವೆದ ಲೋಹದ ಪುಡಿ ಎಣ್ಣೆಯಲ್ಲಿ ಸೇರಿ ವಾಲ್ವ್‌ಗಳಿಗೆ ತೊಂದರೆ ಕೊಡುತ್ತದೆ. ಒತ್ತಡ ಇನ್ನೂ ಕುಸಿದು ಬೆಲ್ಟ್ ಇನ್ನಷ್ಟು ಜಾರುತ್ತದೆ. ಒಮ್ಮೆ ಈ ಸುಳಿ ಶುರುವಾದರೆ ಸಣ್ಣ ರಿಪೇರಿಯಲ್ಲಿ ಮುಗಿಯುವುದು ಕಷ್ಟ. ಎಷ್ಟೋ ಸಲ ಇಡೀ ಗೇರ್‌ಬಾಕ್ಸನ್ನೇ ಬದಲಿಸಬೇಕಾಗುತ್ತದೆ.

ಯಾವ ಅಭ್ಯಾಸಗಳು ಕೆಟ್ಟವು?

• ಪ್ರತಿ ಸಿಗ್ನಲ್‌ನಲ್ಲೂ ನಿಂತಲ್ಲಿಂದ ಪೂರ್ತಿ ಆಕ್ಸಿಲರೇಟರ್ ಒತ್ತಿ ಹೊರಡುವುದು.
• ಕಾರು ಪೂರ್ತಿ ನಿಲ್ಲುವ ಮೊದಲೇ ರಿವರ್ಸ್‌ನಿಂದ ಡ್ರೈವ್‌ಗೆ ಹಾಕುವುದು.
• ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಒತ್ತಿಯೇ ಕಾರನ್ನು ನಿಲ್ಲಿಸಿಕೊಳ್ಳುವುದು.
• ಕೆಸರಿನಲ್ಲಿ ಹೂತ ಚಕ್ರವನ್ನು ಗಿರಗಿರನೆ ತಿರುಗಿಸುವುದು. ಚಕ್ರ ಏಕಾಏಕಿ ಗಟ್ಟಿ ನೆಲ ಕಚ್ಚಿದಾಗ ಆ ಹೊಡೆತ ಬೆಲ್ಟಿಗೆ ತಾಗುತ್ತದೆ.
• ತುಂಬಿದ ಕಾರಿನಲ್ಲಿ ಘಾಟಿಯನ್ನು ಬಿಡುವಿಲ್ಲದೆ ಒಂದೇ ಸಮನೆ ಜೋರಾಗಿ ಹತ್ತುವುದು.

ಕೆಟ್ಟು ನಿಂತ ಸಿವಿಟಿ ಕಾರನ್ನು ಎಂಜಿನ್ ಶಕ್ತಿ ಹೋಗುವ ಚಕ್ರಗಳು ನೆಲದ ಮೇಲೆ ಉರುಳುವಂತೆ ಎಳೆಸಬೇಡಿ. ಸಾಮಾನ್ಯವಾಗಿ ಎಣ್ಣೆ ಪಂಪು ಎಂಜಿನ್ ತಿರುಗಿದರೆ ಮಾತ್ರ ಕೆಲಸ ಮಾಡುತ್ತದೆ. ಫ್ಲಾಟ್‌ಬೆಡ್ ಗಾಡಿಯನ್ನೇ ಕರೆಸಿ.

ಏನು ಮಾಡಬೇಕು?

ಹೊರಡುವಾಗ ಮೆಲ್ಲಗೆ ಹೊರಡಿ, ಕಾರು ಉರುಳಲು ಶುರುವಾದ ಮೇಲೆ ವೇಗ ಹೆಚ್ಚಿಸಿ. ಆಗುಂಬೆ, ಚಾರ್ಮಾಡಿಯಂಥ ಘಾಟಿ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಬೇಡಿ. ಕಾರಿನಲ್ಲಿರುವ ಎಲ್ ಅಥವಾ ಎಸ್ ಮೋಡ್ ಬಳಸಿದರೆ ಎಂಜಿನ್ನೇ ವೇಗ ತಡೆಯುತ್ತದೆ, ಬ್ರೇಕೂ ಕಾಯುವುದಿಲ್ಲ. ಸಿಗ್ನಲ್‌ನಲ್ಲಿ ಸ್ವಲ್ಪ ಹೊತ್ತು ನಿಲ್ಲುವುದಾದರೆ ಡ್ರೈವ್‌ನಲ್ಲೇ ಬ್ರೇಕ್ ಹಿಡಿದರೆ ಸಾಕು, ಪ್ರತಿ ಸಲ ನ್ಯೂಟ್ರಲ್ ಬೇಕಿಲ್ಲ.

ಎಲ್ಲಕ್ಕಿಂತ ಮುಖ್ಯ ಎಣ್ಣೆ. ಕಂಪನಿ ಹೇಳಿದ ಸಿವಿಟಿ ಎಣ್ಣೆಯನ್ನೇ ಹಾಕಿಸಿ. ಸಾಮಾನ್ಯ ಆಟೊಮ್ಯಾಟಿಕ್ ಗೇರ್ ಎಣ್ಣೆ ಹಾಕಿದರೆ ಬೆಲ್ಟಿನ ಹಿಡಿತವೇ ತಪ್ಪಬಹುದು. "ಇದನ್ನು ಬದಲಿಸಲೇಬೇಕಿಲ್ಲ" ಎಂದು ಯಾರಾದರೂ ಹೇಳಿದರೆ ಕಾರಿನ ಮ್ಯಾನ್ಯುವಲ್ ತೆರೆದು ನೋಡಿ. ಟ್ರಾಫಿಕ್, ಘಾಟಿ, ವಿಪರೀತ ಬಿಸಿಲಿನಲ್ಲಿ ಓಡುವ ಕಾರುಗಳಿಗೆ ಎಣ್ಣೆಯನ್ನು ಬೇಗ ಬದಲಿಸಬೇಕೆಂದು ಅನೇಕ ಮ್ಯಾನ್ಯುವಲ್‌ಗಳಲ್ಲಿ ಇರುತ್ತದೆ.

ಹೊರಡುವಾಗ ಕಾರು ನಡುಗುವುದು, ಹೊಸದಾಗಿ ಕೀರಲು ಸದ್ದು, ಸುಟ್ಟ ವಾಸನೆ, ಶಕ್ತಿ ಏಕಾಏಕಿ ಕುಗ್ಗುವುದು, ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆ ದೀಪ: ಇವು ಕಂಡರೆ ತಡಮಾಡದೆ ತೋರಿಸಿ. ಬಿಸಿ ಹೆಚ್ಚಾದಾಗ ಅನೇಕ ಕಾರುಗಳು ತಾವೇ ಶಕ್ತಿ ಕಡಿಮೆ ಮಾಡಿಕೊಳ್ಳುತ್ತವೆ. ಆಗ ಇನ್ನಷ್ಟು ಒತ್ತದೆ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ತಣಿಯಲು ಬಿಡಿ. ಸೆಕೆಂಡ್ ಹ್ಯಾಂಡ್ ಸಿವಿಟಿ ಕಾರು ಕೊಳ್ಳುವವರೂ ಈ ಲಕ್ಷಣಗಳನ್ನು ನೋಡಿ, ಎಣ್ಣೆ ಬದಲಿಸಿದ ದಾಖಲೆ ಕೇಳಿ.

ಒಂದು ಮಾತು: ಟೊಯೋಟಾದ ಹೈಬ್ರಿಡ್ ಕಾರುಗಳ 'ಇ-ಸಿವಿಟಿ'ಯಲ್ಲಿ ಈ ಬೆಲ್ಟೇ ಇಲ್ಲ, ಗೇರ್ ಮತ್ತು ಮೋಟಾರ್‌ಗಳಿವೆ. ಹೆಸರು ಒಂದೇ ಎಂದು ಬೆಲ್ಟಿನ ಭಯವನ್ನು ಅದಕ್ಕೂ ಅಂಟಿಸಬೇಡಿ.

ಒಟ್ಟಿನಲ್ಲಿ: ಸಿವಿಟಿ ದುರ್ಬಲವಲ್ಲ, ಆದರೆ ಒರಟುತನವನ್ನು ಹೆಚ್ಚು ದಿನ ಸಹಿಸುವುದಿಲ್ಲ. "ಬೆಲ್ಟ್ ಕಿತ್ತುಹೋಗುತ್ತೆ" ಎಂಬ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಕೇಳಿ: ಹೇಗೆ ಓಡಿಸಿದ್ದರು, ಎಣ್ಣೆ ಯಾವಾಗ ಬದಲಿಸಿದ್ದರು?