ಅಂಗಿ ತೊಟ್ಟ ಪಡೆಗಳು: ಬರ್ಕ್ಲಿಯಿಂದ ಬೀದರಿನವರೆಗೆ

2017ರ ಏಪ್ರಿಲ್ 15ರ ಸಂಜೆ ಮೌಂಟನ್ ವ್ಯೂವಿನ ನಮ್ಮ ಮನೆಯಲ್ಲಿ ಎಲ್ಲರೂ ಕೂತು ಟೆಲಿವಿಷನ್ನಿನಲ್ಲಿ ವಾರ್ತೆ ನೋಡುತ್ತಿದ್ದೆವು. ಆ ದಿನ ಬರ್ಕ್ಲಿಯ ಬೀದಿಯಲ್ಲಿ ದೊಡ್ಡ ಹೊಡೆದಾಟವಾಗಿತ್ತು. ಬೀದರ್ ಜಿಲ್ಲೆಯಿಂದ ಕೆಲವು ತಿಂಗಳು ಇದ್ದುಹೋಗಲೆಂದು ಬಂದಿದ್ದ ನಮ್ಮ ತಾಯಿಯವರು ಕನ್ನಡಕ ಸರಿಮಾಡಿಕೊಂಡು, "ರಜಾಕಾರರು ಇಲ್ಲಿಗೂ ಬಂದಾರೇನು?" ಎಂದು ಕೇಳಿದರು. ಮಕ್ಕಳು ನಕ್ಕರು, ನಾವೂ ನಕ್ಕೆವು. ಆದರೆ 1948ರಲ್ಲಿ ಎಂಟು ವರ್ಷದ ಹುಡುಗಿಯಾಗಿದ್ದ ಅವರು ತಮಾಷೆಗೆ ಕೇಳಿದ ಪ್ರಶ್ನೆ ಅದಾಗಿರಲಿಲ್ಲ. ಆಮೇಲೆ ಚರಿತ್ರೆಯ ಪುಸ್ತಕಗಳನ್ನು ತಿರುವಿದಾಗ ಅವರ ಮಾತಿನಲ್ಲಿ ಹುರುಳಿದೆಯೆಂದು ತಿಳಿಯಿತು. ಅದನ್ನೇ ಇಲ್ಲಿ ಸದಸ್ಯ ಕುಟುಂಬಗಳ ಮುಂದಿಡುತ್ತಿದ್ದೇವೆ.

ಸರಕಾರದ ಸೈನ್ಯಕ್ಕೆ ಸೇರದೆ, ತಮ್ಮದೇ ಸಮವಸ್ತ್ರ, ಕವಾಯತು, ಪ್ರತಿಜ್ಞೆಗಳನ್ನಿಟ್ಟುಕೊಂಡು, ಈ ನೆಲದಲ್ಲಿ ಯಾರಿರಬೇಕು, ಯಾರಿರಬಾರದು ಎಂಬುದನ್ನು ತಾವೇ ತೀರ್ಮಾನಿಸುವ ಖಾಸಗಿ ಪಡೆಗಳು ಕಳೆದ ನೂರು ವರ್ಷಗಳಲ್ಲಿ ಹಲವು ದೇಶಗಳಲ್ಲಿ ಹುಟ್ಟಿವೆ. ಇವುಗಳಲ್ಲಿ ಒಂದು ವಿಚಿತ್ರವುಂಟು. "ಈ ಮಣ್ಣು ನಮ್ಮದು, ಪರಕೀಯರು ತೊಲಗಲಿ" ಎಂದು ಕೂಗುವವರೇ ಅಂಗಿಯನ್ನೋ ಆಯುಧವನ್ನೋ ಗೆಳೆತನವನ್ನೋ ಪರದೇಶದಿಂದ ಕಡ ತಂದಿರುತ್ತಾರೆ!

ನಾವು ದಿನವೂ 101ನೆಯ ಹೆದ್ದಾರಿಯಲ್ಲಿ ಹೋಗುವಾಗ ಮಾಫೆಟ್ ಫೀಲ್ಡಿನ ಬೃಹತ್ ಹ್ಯಾಂಗರನ್ನು ನೋಡುತ್ತೇವಷ್ಟೆ. ನೌಕಾದಳದ ಆ ವಾಯುನೌಕೆಯ ನೆಲೆ ಆರಂಭವಾದದ್ದು 1933ರಲ್ಲಿ. ಅದೇ ವರ್ಷದ ಜನವರಿ 30ರಂದು ಹಿಟ್ಲರ್ ಜರ್ಮನಿಯ ಚಾನ್ಸಲರ್ ಆದ. ಮರುದಿನವೇ ಅಮೆರಿಕದಲ್ಲಿ ವಿಲಿಯಂ ಡಡ್ಲಿ ಪೆಲಿ ಎಂಬಾತ 'ಸಿಲ್ವರ್ ಷರ್ಟ್ಸ್' ಪಡೆಯನ್ನು ಕಟ್ಟಿದ. 1922ರಲ್ಲಿ ರೋಮಿಗೆ ನುಗ್ಗಿದ ಮುಸೊಲಿನಿಯ ಪಡೆಯವರದು ಕರಿ ಅಂಗಿ, ಹಿಟ್ಲರನ ಪಡೆಯವರದು ಕಂದು, ಇವನ ಪಡೆಯವರದು ಬೆಳ್ಳಿಬಣ್ಣ. ಅಪ್ಪಟ ಅಮೆರಿಕನ್ನರೆಂದು ಹೇಳಿಕೊಂಡವರಿಗೆ ಅಂಗಿಯ ಮಾದರಿ ಬಂದದ್ದು ಮಾತ್ರ ಯೂರೋಪಿನಿಂದ.

1936ರಲ್ಲಿ 'ಜರ್ಮನ್ ಅಮೆರಿಕನ್ ಬುಂಡ್' ಹುಟ್ಟಿತು. ಅದರ ಮುಖಂಡ ಫ್ರಿಟ್ಸ್ ಕೂನ್ ಅದೇ ವರ್ಷ ಬರ್ಲಿನ್ನಿಗೆ ಹೋಗಿ ಹಿಟ್ಲರನನ್ನು ಕಂಡುಬಂದ. 1939ರ ಫೆಬ್ರವರಿ 20ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಸುಮಾರು 20,000 ಜನರ ಸಭೆ ನಡೆಸಿದ. ವೇದಿಕೆಯಲ್ಲಿ ಜಾರ್ಜ್ ವಾಷಿಂಗ್ಟನ್ನರ ದೊಡ್ಡ ಚಿತ್ರ, ಸುತ್ತ ಸ್ವಸ್ತಿಕದ ಬಾವುಟ! ಇದನ್ನು ಎದುರಿಸಿದವರೂ ಇದ್ದರು. ಲಾಸ್ ಏಂಜಲಿಸ್‌ನ ವಕೀಲ ಲಿಯೋನ್ ಲೂಯಿಸ್ 1933ರಿಂದಲೇ ಮೊದಲ ಮಹಾಯುದ್ಧದಲ್ಲಿ ದುಡಿದ ಮಾಜಿ ಸೈನಿಕರನ್ನು ಈ ಗುಂಪುಗಳೊಳಗೆ ಕಳುಹಿಸಿ, ಅವುಗಳ ಗುಟ್ಟುಗಳನ್ನು ಹೊರತಂದರು. ಸಹಾಯಕ್ಕೆ ಬಂದವರಲ್ಲಿ ಜರ್ಮನ್ ಮನೆತನದವರೂ ಇದ್ದರೆಂಬುದು ಗಮನಿಸತಕ್ಕದ್ದು. ಕೊನೆಗೆ ಬುಂಡ್‌ನ ಹಣವನ್ನೇ ನುಂಗಿದ್ದಕ್ಕಾಗಿ ಕೂನ್ 1939ರಲ್ಲಿ ಸೆರೆಮನೆ ಸೇರಿದ. ಪೆಲಿಗೆ 1942ರಲ್ಲಿ ರಾಜದ್ರೋಹಕ್ಕಾಗಿ 15 ವರ್ಷ ಶಿಕ್ಷೆಯಾಯಿತು.

ಅಲ್ಲಿಗೆ ಕಥೆ ಮುಗಿಯಲಿಲ್ಲ. 2012ರ ಆಗಸ್ಟ್ 5ರಂದು ವಿಸ್ಕಾನ್ಸಿನ್ನಿನ ಓಕ್ ಕ್ರೀಕ್ ಗುರುದ್ವಾರದಲ್ಲಿ ಆರು ಜನ ಸಿಖ್ಖರನ್ನು ಗುಂಡಿಟ್ಟು ಕೊಂದವನು 'ಹ್ಯಾಮರ್‌ಸ್ಕಿನ್ಸ್' ಎಂಬ ಬಿಳಿಯರ ಗುಂಪಿನವನು. ಗಾಯಗೊಂಡಿದ್ದ ಏಳನೆಯವರು 2020ರಲ್ಲಿ ತೀರಿಕೊಂಡರು. 1980ರ ದಶಕದ ಕೊನೆಯಲ್ಲಿ ಟೆಕ್ಸಸ್ಸಿನಲ್ಲಿ ಹುಟ್ಟಿದ ಆ ಗುಂಪು ಯೂರೋಪಿಗೂ ಹಬ್ಬಿತ್ತು. 2023ರಲ್ಲಿ ಜರ್ಮನಿ ಅದನ್ನು ನಿಷೇಧಿಸಿತು. ಇನ್ನು ಬರ್ಕ್ಲಿಯ ಹೊಡೆದಾಟದಲ್ಲಿದ್ದ 'ರೈಸ್ ಅಬವ್ ಮೂವ್‌ಮೆಂಟ್' ದಕ್ಷಿಣ ಕ್ಯಾಲಿಫೋರ್ನಿಯದ್ದು, ಮುಷ್ಟಿಯುದ್ಧ ಕಲಿತ ಯುವಕರ ಪಡೆ. 2018ರಲ್ಲಿ ಅದರ ಕೆಲವರು ಜರ್ಮನಿ, ಯುಕ್ರೇನ್, ಇಟಲಿಗಳಿಗೆ ಹೋಗಿ ತಮ್ಮಂಥವರೊಡನೆ ಕಲೆತು ಬಂದರು. ಅದರ ಮುಖಂಡ 2023ರಲ್ಲಿ ರುಮೇನಿಯದಲ್ಲಿ ಸಿಕ್ಕಿಬಿದ್ದು, ಮರುವರ್ಷ ಇಲ್ಲಿನ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ.

ಈಗ ನಮ್ಮ ತಾಯಿಯವರ ರಜಾಕಾರರ ವಿಷಯಕ್ಕೆ ಬರೋಣ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಕೂಡದು, ಅಲ್ಲಿ ಮುಸಲ್ಮಾನರ ಆಳ್ವಿಕೆಯೇ ಮುಂದುವರಿಯಬೇಕೆಂದು ಕಾಸಿಂ ರಜ್ವಿ ನಡೆಸಿದ ಖಾಸಗಿ ಪಡೆ ಅದು. ಬೀದರ್, ಕಲಬುರ್ಗಿ, ರಾಯಚೂರು ಜಿಲ್ಲೆಗಳು ಆಗ ನಿಜಾಮರ ಸಂಸ್ಥಾನದಲ್ಲೇ ಇದ್ದವು. ರಜಾಕಾರರು ಹಳ್ಳಿಗಳನ್ನು ಸುಟ್ಟರು, ಸುಲಿದರು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ನಡೆದ ಕಗ್ಗೊಲೆಯನ್ನು ಆ ಕಡೆಯವರು ಇಂದಿಗೂ ಮರೆತಿಲ್ಲ. ಭಾರತಕ್ಕೆ ಸೇರುವುದೇ ಮೇಲೆಂದು ಬರೆದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರನ್ನು ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲೇ ಕೊಂದರು. ಅವರೂ ಮುಸಲ್ಮಾನರೇ. ಇಲ್ಲಿಯೂ ಹೊರಗಿನ ಕೈ ಇತ್ತು: ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವಿಮಾನ ಚಾಲಕ ಕರಾಚಿಯಿಂದ ಕಳ್ಳತನದಲ್ಲಿ ಸಂಸ್ಥಾನಕ್ಕೆ ಆಯುಧಗಳನ್ನು ಸಾಗಿಸುತ್ತಿದ್ದ. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಹೊಕ್ಕಿತು. 17ರಂದು ನಿಜಾಮರು ಶರಣಾದರು.

ಮಕ್ಕಳಿಗೆ ಇಷ್ಟನ್ನೇ ಹೇಳಿ ನಿಲ್ಲಿಸಬಹುದಿತ್ತು. ಆದರೆ ಅದು ಅರ್ಧ ಚರಿತ್ರೆ. ರಜಾಕಾರರು ಸೋತ ಮೇಲೆ ಸೇಡು ಹಳ್ಳಿಗಳ ಬಡ ಮುಸಲ್ಮಾನರ ಮೇಲೆ ತಿರುಗಿತು. ಕೇಂದ್ರ ಸರಕಾರ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ, ಸತ್ತವರು 27,000ದಿಂದ 40,000ದವರೆಗೆ ಎಂದು ಅಂದಾಜು ಮಾಡಿತು. ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಬೀದರ್, ಕಲಬುರ್ಗಿ ಎರಡೂ ಸೇರಿದ್ದವು. ಈ ವರದಿ ಅನೇಕ ದಶಕ ಬೆಳಕು ಕಾಣಲಿಲ್ಲ. ಎಷ್ಟೋ ಕಡೆ ಹಿಂದೂಗಳು ನೆರೆಯವರನ್ನು ಕಾಪಾಡಿದರೆಂಬುದೂ ಅದರಲ್ಲಿದೆ. ಇದನ್ನು ಓದಿ ಹೇಳಿದಾಗ ತಾಯಿಯವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ತಮ್ಮ ತಂದೆ ನೆರೆಮನೆಯ ನೇಕಾರ ಕುಟುಂಬವನ್ನು ಮೂರು ದಿನ ಹಗೇವಿನಲ್ಲಿ, ಜೋಳ ತುಂಬುವ ನೆಲಗುಳಿಯಲ್ಲಿ, ಬಚ್ಚಿಟ್ಟಿದ್ದರೆಂದು ಹೇಳಿದರು. ಅಲ್ಲಿಯವರೆಗೆ ನಮಗಾರಿಗೂ ಅವರು ಅದನ್ನು ಹೇಳಿರಲಿಲ್ಲ.

ಈ ದೇಶದಲ್ಲಿ ನಾವು ಅಲ್ಪಸಂಖ್ಯಾತರು. ಓಕ್ ಕ್ರೀಕಿನ ಸುದ್ದಿ ಕೇಳಿ ಹೆದರಿದವರು. ನಮ್ಮ ಊರಲ್ಲಿ ನಾವೇ ಬಹುಸಂಖ್ಯಾತರು. ಇಲ್ಲಿ ನೆರೆಯವರಿಂದ ನಾವು ಏನನ್ನು ಬಯಸುತ್ತೇವೆಯೋ ಅದನ್ನು ಅಲ್ಲಿ ನಾವು ಕೊಟ್ಟಿದ್ದೇವೆಯೇ ಎಂದು ಮಕ್ಕಳು ಕೇಳಿದರೆ, ಹಗೇವಿನ ಮಾತನ್ನೂ ಹೇಳಬೇಕು, ಸುಂದರಲಾಲ್ ವರದಿಯ ಮಾತನ್ನೂ ಹೇಳಬೇಕು.

ನಮ್ಮ ತಾಯಿಯವರು ಈಗಿಲ್ಲ. ಆ ನೇಕಾರ ಮನೆತನದ ಹೆಸರನ್ನು ನಾವು ಕೇಳಿಟ್ಟುಕೊಳ್ಳಲಿಲ್ಲ. ಇನ್ನು ಕೇಳಲು ಯಾರೂ ಉಳಿದಿಲ್ಲ. ನಿಮ್ಮ ಮನೆಗೆ ಆ ಕಡೆಯ ಹಿರಿಯರು ಬಂದಾಗ ದಯವಿಟ್ಟು ಕೇಳಿ, ಬರೆದಿಡಿ. ನಮ್ಮ ಸಂಚಿಕೆಗೂ ಕಳುಹಿಸಿ.