ಅಸ್ತ್ರ ಒಲೆ: ಹೊಗೆಗೆ ದಾರಿಯಿರಲಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭಗೊಂಡ ‘ಅಸ್ತ್ರ’ ಕೇಂದ್ರವು ಗ್ರಾಮೀಣ ಅಡುಗೆಮನೆಗಳಿಗಾಗಿ ರೂಪಿಸಿದ ಸೌದೆ ಒಲೆಯೇ ಅಸ್ತ್ರ ಒಲೆ. ಇದರ ಮೇಲೆ ಮೂರು ಪಾತ್ರೆಗಳನ್ನು ಒಟ್ಟಿಗೆ ಇಡಬಹುದು. ಸೌದೆ ಜಾಲರಿಯ ಮೇಲೆ ಉರಿಯುತ್ತದೆ. ಕೆಳಗಿನಿಂದ ಗಾಳಿ ದೊರೆಯುವುದರಿಂದ ಹೊಗೆ ಕಡಿಮೆ. ಉಳಿದದ್ದು ಕೊಳವೆಯ ಮೂಲಕ ಹೊರಹೋಗುತ್ತದೆ.

ಒಲೆ ಕಟ್ಟಿಸುವಾಗ ಹೊಗೆಕೊಳವೆಯ ತುದಿ ಚಾವಣಿಗಿಂತ ಮೇಲಿರಬೇಕು. ಮರದ ತೊಲೆಗೆ ತಾಗಬಾರದು. ಪಾತ್ರೆಗಳು ಕುಳಿಗಳಲ್ಲಿ ಸಂದಿಲ್ಲದೆ ಕೂರಬೇಕು. ಚೆನ್ನಾಗಿ ಒಣಗಿದ, ಸಣ್ಣಗೆ ಸೀಳಿದ ಸೌದೆಯನ್ನೇ ಬಳಸಬೇಕು.

ಮಸಿ ಕಟ್ಟಿದ ಕೊಳವೆ ಹೊಗೆಯನ್ನು ಮನೆಯೊಳಕ್ಕೇ ತಳ್ಳುತ್ತದೆ. ಆದ್ದರಿಂದ ಒಲೆ ಆರಿದ ಬಳಿಕ ಆಗಾಗ ಅದನ್ನು ಶುಚಿಗೊಳಿಸುವುದು ಅಗತ್ಯ.

ಹೊಗೆಯಿಲ್ಲದ ಕೆಂಡವೂ ನಿರಪಾಯಕಾರಿಯಲ್ಲ. ಅದು ಸೂಸುವ ಕಾರ್ಬನ್ ಮೊನಾಕ್ಸೈಡ್ ಕಣ್ಣಿಗೆ ಕಾಣದು, ವಾಸನೆಯೂ ಇಲ್ಲ. ಚಳಿಯೆಂದು ಮುಚ್ಚಿದ ಕೋಣೆಯಲ್ಲಿ ಕೆಂಡವಿರಿಸಿ ಮಲಗಿದರೆ ಪ್ರಾಣಕ್ಕೇ ಸಂಚಕಾರ.