ಸ್ಕೀಮಾ ಬದಲಾವಣೆ, ವಿತರಿತ ಡೇಟಾಬೇಸ್‌ಗಳಲ್ಲಿ

ಹಲವು ಸರ್ವರ್‌ಗಳಲ್ಲಿ ಹರಡಿಕೊಂಡ ಡೇಟಾಬೇಸ್‌ನ ಟೇಬಲ್, ಕಾಲಂ, ಇಂಡೆಕ್ಸ್‌ಗಳ ರಚನೆಯನ್ನು ಸೇವೆ ನಿಲ್ಲಿಸದೆ, ದತ್ತಾಂಶ ಕೆಡದಂತೆ ಬದಲಿಸುವ ವಿಧಾನ. ಹೊಸ ರಚನೆ ಎಲ್ಲ ಸರ್ವರ್‌ಗಳಿಗೂ ಒಂದೇ ಕ್ಷಣಕ್ಕೆ ತಲುಪುವುದಿಲ್ಲ, ತೊಡಕಿರುವುದು ಇಲ್ಲಿಯೇ. ಹೊಸ ಇಂಡೆಕ್ಸ್ ಬಲ್ಲ ಸರ್ವರ್ ಒಂದು ಸಾಲನ್ನು ಸೇರಿಸಿ ಇಂಡೆಕ್ಸ್‌ನಲ್ಲೂ ನಮೂದಿಸುತ್ತದೆ; ಅದನ್ನರಿಯದ ಇನ್ನೊಂದು ಸರ್ವರ್ ಸಾಲನ್ನಷ್ಟೇ ಅಳಿಸಿದರೆ ಇಂಡೆಕ್ಸ್‌ನ ನಮೂದು ಅನಾಥವಾಗಿ ಉಳಿಯುತ್ತದೆ.

ಗೂಗಲ್‌ನ ಎಫ್1 ಡೇಟಾಬೇಸ್ ತಂಡ 2013ರಲ್ಲಿ ಪ್ರಕಟಿಸಿದ ಪರಿಹಾರದಲ್ಲಿ ಹೊಸ ಇಂಡೆಕ್ಸ್ ಮೊದಲು ‘ಅಳಿಸಲು ಮಾತ್ರ’, ಬಳಿಕ ‘ಬರೆಯಲು ಮಾತ್ರ’ ಎಂಬ ಹಂತಗಳನ್ನು ದಾಟುತ್ತದೆ. ಹಳೆಯ ಸಾಲುಗಳ ನಮೂದುಗಳನ್ನೂ ತುಂಬಿದ ಮೇಲಷ್ಟೇ ಓದಲು ತೆರೆದುಕೊಳ್ಳುತ್ತದೆ. ಯಾವ ಕ್ಷಣದಲ್ಲೂ ಸ್ಕೀಮಾದ ಅಕ್ಕಪಕ್ಕದ ಎರಡಕ್ಕಿಂತ ಹೆಚ್ಚು ಆವೃತ್ತಿಗಳು ಬಳಕೆಯಲ್ಲಿರಕೂಡದು ಎಂಬುದು ಇದರ ಮೂಲ ನಿಯಮ. ಕಾಕ್ರೋಚ್‌ಡಿಬಿ, ಟೈಡಿಬಿ ಡೇಟಾಬೇಸ್‌ಗಳೂ ಇದೇ ಮಾರ್ಗ ಹಿಡಿದಿವೆ.